ರಿಗ್‌ನಿಂದ ಸಂಜ್ಞೆ ತಗೋ, ಶಕ್ತಿ ತಗೋಬೇಡ

ಹೊಸದಾಗಿ ಹ್ಯಾಮ್ ಲೈಸೆನ್ಸ್ ಪಡೆದ ತಮ್ಮನಿಗೆ,

ಐಕಾಮ್ ಐಸಿ-7300 ಟ್ರಾನ್ಸೀವರ್ ಕೊಂಡಿದ್ದೀಯಂತೆ, ಸಂತೋಷ. ಅದಕ್ಕೆ ಸ್ವಂತವಾಗಿ ಕಟ್ಟಿದ ಲೀನಿಯರ್ ಆಂಪ್ಲಿಫೈಯರ್ ಜೋಡಿಸಬೇಕು, ಬ್ಯಾಂಡ್ ಬದಲಿಸಿದರೆ ಅದರೊಳಗಿನ ಫಿಲ್ಟರ್ ತಾನಾಗಿ ಬದಲಾಗಬೇಕು ಎಂಬ ಆಸೆ ನಿನಗೆ. ಇಷ್ಟು ದುಡ್ಡು ಸುರಿದು ತಂದ ರಿಗ್‌ಗೆ ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗಗಳಿಂದ ಕಟ್ಟಿದ ಡಬ್ಬಿ ಸಿಕ್ಕಿಸಿದರೆ ಏನಾದೀತೋ ಎಂಬ ಅಳುಕೂ ಇದೆ. ಧೈರ್ಯವಾಗಿ ಸಿಕ್ಕಿಸು. ಆದರೆ ಒಂದು ನಿಯಮ ಮುರಿಯಬೇಡ: ರಿಗ್‌ನಿಂದ ಸಂಜ್ಞೆ ಮಾತ್ರ ತಗೋ, ಶಕ್ತಿ ತಗೋಬೇಡ. ಡಬ್ಬಿಗೆ ಬೇಕಾದ ಕರೆಂಟನ್ನು ಡಬ್ಬಿಯೇ ಹೊಂದಿಸಿಕೊಳ್ಳಲಿ.

ಯಾಕೆ ಹೇಳುತ್ತೇನೆ ಕೇಳು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಟ್ರಾನ್ಸೀವರ್ ಕಟ್ಟಿ ಬೆಸುಗೆ ಕಲಿತವರು ನಮ್ಮಲ್ಲಿ ಬಹಳ ಮಂದಿ. ಅದರಲ್ಲಿ ಒಂದು ಟ್ರಾನ್ಸಿಸ್ಟರ್ ಸುಟ್ಟರೆ ಕಿತ್ತು ಹೊಸದು ಹಾಕಿದರಾಯಿತು. 2016ರಲ್ಲಿ ಮಾರುಕಟ್ಟೆಗೆ ಬಂದ 7300 ಬೇರೆ ಜಾತಿಯದು. ಆಂಟೆನಾದಿಂದ ಬಂದ ಸಿಗ್ನಲನ್ನು ಅದು ನೇರವಾಗಿ ಅಂಕಿಗಳಾಗಿ ಬದಲಿಸಿಕೊಳ್ಳುತ್ತದೆ. ಉಳಿದ ಕೆಲಸವೆಲ್ಲ ಎಫ್‌ಪಿಜಿಎ ಮತ್ತು ಪ್ರೊಸೆಸರ್‌ನದು. ಆ ಬೋರ್ಡನ್ನು ಮನೆಯ ಬೆಸುಗೆ ಕಡ್ಡಿಯಿಂದ ರಿಪೇರಿ ಮಾಡಲಾಗದು.

ಮೊದಲು ಲೀನಿಯರ್. ಪ್ರಸಾರ ಶುರುವಾದೊಡನೆ ರಿಗ್ ತನ್ನ ಹಿಂಬದಿಯ ಸೆಂಡ್ ಜಾಕನ್ನು ನೆಲಕ್ಕೆ, ಅಂದರೆ ಗ್ರೌಂಡ್‌ಗೆ, ಎಳೆಯುತ್ತದೆ. ಅದು ತಡೆಯುವ ವೋಲ್ಟೇಜಿಗೂ ಕರೆಂಟಿಗೂ ಮ್ಯಾನ್ಯುಯಲ್‌ನಲ್ಲಿ ಮಿತಿ ಕೊಟ್ಟಿದ್ದಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚು. ಹಳೆಯ ವಾಲ್ವ್ ಲೀನಿಯರ್‌ಗಳ ಕೀಯಿಂಗ್ ತಂತಿಯಲ್ಲಿ ನೂರು ವೋಲ್ಟ್ ದಾಟಿರುವುದೂ ಉಂಟು. ಬರೀ 12 ವೋಲ್ಟಿನ ರಿಲೇ ಕೂಡ ಸಾಧುವಲ್ಲ; ಕಾಯಿಲ್‌ನ ಕರೆಂಟ್ ಕಡಿದ ಕ್ಷಣದಲ್ಲಿ ಅದು ನೂರಾರು ವೋಲ್ಟಿನ ಏಟನ್ನು ಹಿಂದಕ್ಕೆ ಒದೆಯುತ್ತದೆ.

ಆದ್ದರಿಂದ ನಡುವೆ ಒಂದು ಪಿಸಿ817 ಆಪ್ಟೋಕಪ್ಲರ್ ಕೂರಿಸು. ನಿನ್ನ ಡಬ್ಬಿಯ 12 ವೋಲ್ಟಿನಿಂದ 1.5 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಆಪ್ಟೋದ ಎಲ್‌ಇಡಿ, ಅಲ್ಲಿಂದ ಸೆಂಡ್. ರಿಗ್‌ನ ಮೇಲೆ ಬೀಳುವ ಹೊರೆ ಸುಮಾರು 7 ಮಿಲಿಆಂಪಿಯರ್, ಅಷ್ಟೇ. ಆಪ್ಟೋದ ಆಚೆ ಬದಿ ಒಂದು ಬಿಡಿ139ನ್ನು ನಡೆಸಲಿ, ಆ ಟ್ರಾನ್ಸಿಸ್ಟರ್ ರಿಲೇಯನ್ನು ಎಳೆಯಲಿ. ರಿಲೇ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇರಲೇಬೇಕು, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ಕೋಆಕ್ಸ್ ಕೇಬಲ್ ಮೂಲಕ ಎರಡೂ ಪೆಟ್ಟಿಗೆಗಳ ನೆಲ ಹೇಗೂ ಒಂದಾಗಿರುತ್ತದೆ. ರಿಲೇ ಬದಿಯ ವೋಲ್ಟೇಜ್ ರಿಗ್‌ನೊಳಗೆ ನುಗ್ಗದಂತೆ ತಡೆಯುವುದಷ್ಟೇ ಆಪ್ಟೋದ ಕೆಲಸ.

ರಿಲೇ ಕೂತುಕೊಳ್ಳಲು ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಪವರ್ ಹರಿದರೆ ಕಾಂಟ್ಯಾಕ್ಟ್ ಸುಡುತ್ತದೆ. 7300ರ ಮೆನುವಿನಲ್ಲಿ ಟಿಎಕ್ಸ್ ಡಿಲೇ ಇದೆ, 30 ಮಿಲಿಸೆಕೆಂಡಿನವರೆಗೆ ಕೊಡಬಹುದು. ರಿಗ್ 100 ವ್ಯಾಟ್ ಕೊಡಬಲ್ಲದು, ಎಲ್‌ಡಿಮಾಸ್ ಲೀನಿಯರ್‌ಗೆ ಕೆಲವೇ ವ್ಯಾಟ್ ಸಾಕು ಎನ್ನುವುದನ್ನೂ ಮರೆಯಬೇಡ. ನಡುವೆ ಅಟೆನ್ಯುಯೇಟರ್ ಹಾಕು.

ಇನ್ನು ಫಿಲ್ಟರ್ ಬದಲಾಯಿಸುವ ಕೆಲಸ, ನನಗೆ ಬಲು ಇಷ್ಟವಾದದ್ದು. ಹಿಂಬದಿಯ ರಿಮೋಟ್ ಜಾಕಿನಲ್ಲಿ ಸಿಐ-ವಿ ಎಂಬ ಒಂದೇ ತಂತಿಯ ಸಂಭಾಷಣೆ ನಡೆಯುತ್ತದೆ. 7300ರ ವಿಳಾಸ ಹೆಕ್ಸ್ ಲೆಕ್ಕದಲ್ಲಿ 94. ನಿನ್ನ ಆರ್ಡುಯಿನೊದಿಂದ ‘ಎಫ್‌ಇ ಎಫ್‌ಇ 94 ಇ0 03 ಎಫ್‌ಡಿ’ ಎಂದು ಕಳಿಸು. ಈಗ ಯಾವ ಫ್ರೀಕ್ವೆನ್ಸಿ ಎಂದು ಕೇಳಿದ ಹಾಗೆ. ರಿಗ್ 7.050 ಮೆಗಾಹರ್ಟ್ಸ್‌ನಲ್ಲಿದ್ದರೆ ಉತ್ತರದ ನಡುವೆ ‘00 00 05 07 00’ ಬರುತ್ತದೆ, ಅಂಕಿಗಳ ಜೋಡಿಗಳು ಹಿಂದುಮುಂದಾಗಿ. ಅದನ್ನು ತಿರುಗಿಸಿ ಓದಿ, 40 ಮೀಟರ್ ಬ್ಯಾಂಡಿನ ಫಿಲ್ಟರ್ ರಿಲೇಯನ್ನು ಯುಎಲ್ಎನ್2003 ಚಿಪ್‌ನಿಂದ ಎಳೆಯಬಹುದು. ಒಂದೇ ತಂತಿಯಲ್ಲಿ ಇಬ್ಬರೂ ಮಾತಾಡುವುದರಿಂದ ಆರ್ಡುಯಿನೊದ ಟಿಎಕ್ಸ್ ಪಿನ್ನನ್ನು ಡಯೋಡ್ ಮೂಲಕವೇ ಜೋಡಿಸು, ತಂತಿಯನ್ನು ನೆಲಕ್ಕೆ ಎಳೆಯಲು ಮಾತ್ರ ಅದಕ್ಕೆ ಅವಕಾಶವಿರಲಿ. ಈ ತಂತಿ 5 ವೋಲ್ಟಿನದು, ಇಎಸ್‌ಪಿ32 ಚಿಪ್ 3.3 ವೋಲ್ಟಿನದು, ಲೆವೆಲ್ ಶಿಫ್ಟರ್ ಇಲ್ಲದೆ ಅವೆರಡನ್ನು ಕೂಡಿಸಬೇಡ.

ಯುಎಸ್‌ಬಿ ಕೇಬಲ್‌ನಲ್ಲಿ ಒಂದು ಗುಪ್ತ ಕಂಟಕವಿದೆ. ಮೆನುವಿನಲ್ಲಿ ‘ಯುಎಸ್‌ಬಿ ಸೆಂಡ್’ ಅನ್ನು ಆರ್‌ಟಿಎಸ್ ಅಥವಾ ಡಿಟಿಆರ್‌ಗೆ ಇಟ್ಟಿದ್ದರೆ, ಕಂಪ್ಯೂಟರಿನ ಯಾವುದೋ ಪ್ರೋಗ್ರಾಂ ಪೋರ್ಟ್ ತೆರೆದ ಕೂಡಲೇ ರಿಗ್ ತಾನೇ ಪ್ರಸಾರಕ್ಕೆ ಇಳಿಯಬಹುದು. ಹಿಂದೆ ಲೀನಿಯರ್ ಆನ್ ಆಗಿದ್ದರೆ ಅನಾಹುತ. ಬೇಡವಾದಾಗ ‘ಯುಎಸ್‌ಬಿ ಸೆಂಡ್’ ಅನ್ನು ಆಫ್ ಮಾಡು.

ನಿನ್ನ ಡಬ್ಬಿ ಗದ್ದಲ ಎಬ್ಬಿಸುತ್ತಿದೆಯೇ ಎಂದು ತಿಳಿಯಲು ಬೇರೆ ಉಪಕರಣ ಬೇಡ. ರಿಗ್‌ನ ಮುಂಭಾಗದ ಪರದೆಯ ವಾಟರ್‌ಫಾಲ್ ನೋಡುತ್ತಾ ಡಬ್ಬಿಯ ಪವರ್ ಕಿತ್ತು ಮತ್ತೆ ಹಾಕು. ಹಾಕಿದಾಗ ಮೂಡುವ ಗೆರೆಗಳು ಕಿತ್ತಾಗ ಮಾಯವಾದರೆ ತಪ್ಪು ನಿನ್ನದೇ. ಅಗ್ಗದ ಬಕ್ ಕನ್ವರ್ಟರ್ ಇದ್ದರೆ ಮೊದಲು ಅದನ್ನೇ ಅನುಮಾನಿಸು. ಆಮೇಲೆ ಪ್ರತಿ ಕೇಬಲ್ಲಿಗೂ ಮಿಕ್ಸ್ 31 ಫೆರೈಟ್ ತೊಡಿಸು.

ಹಿಂಬದಿಯ ಎಸಿಸಿ ಸಾಕೆಟ್ಟನ್ನೂ ಬಳಸುವುದಾದರೆ, ಅದಕ್ಕೆ 13 ಪಿನ್ನಿನ ಪ್ಲಗ್ ಬೆಸೆಯುವಾಗ, ಮ್ಯಾನ್ಯುಯಲ್‌ನ ಚಿತ್ರ ರಿಗ್‌ನ ಹಿಂಬದಿಯಿಂದ ನೋಡಿದ್ದು ಎನ್ನುವುದು ನೆನಪಿರಲಿ. ನೀನು ಬೆಸೆಯುವ ಬದಿ ಯಾವುದೆಂದು ಮೊದಲು ಖಚಿತ ಮಾಡಿಕೋ, ಆಮೇಲೆ ಪ್ರತಿ ಪಿನ್ನನ್ನೂ ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸು. ಮೊದಲ ಪ್ರಸಾರ ಕಡಿಮೆ ಪವರ್‌ನಲ್ಲಿ, ಡಮ್ಮಿ ಲೋಡ್ ಮೇಲೆ. ಲೈಸೆನ್ಸ್ ಅನುಮತಿಸಿದ ವ್ಯಾಟ್ ದಾಟಬೇಡ.

ಕೊನೆಯದಾಗಿ ಒಂದು ಬೇಡಿಕೆ. ಕಟ್ಟಿದ ಪ್ರತಿ ಡಬ್ಬಿಯ ಸರ್ಕ್ಯೂಟ್ ಚಿತ್ರವನ್ನು ಮುಚ್ಚಳದ ಒಳಬದಿಗೆ ಅಂಟಿಸು. ಮುಂದೆ ಅದನ್ನು ಬಿಚ್ಚುವವರು, ನೀನೇ ಆದರೂ ಸರಿ, ನಿನ್ನನ್ನು ಹರಸುತ್ತಾರೆ.

73,
ನಿನ್ನ ಹಿರಿಯ ಹ್ಯಾಮ್