ಚೆಂಡು ಕೊಟ್ಟವನ ಕಡೆಗೆ ಕೈತೋರಿಸುವದು

ಪಾಠಭಾಗ: 1 ಕೊರಿಂಥ 12:12–27, ಯೋಹಾನ 11:47–53.

ಈ ಎರಡು ಭಾಗಗಳನ್ನು ಒಂದರ ಹಿಂದೆ ಒಂದಾಗಿ ಓದಿರಿ. ಮೊದಲನೆಯದರಲ್ಲಿ ಅಪೊಸ್ತಲನಾದ ಪೌಲನು ಸಭೆಯನ್ನು ಒಂದು ದೇಹಕ್ಕೆ ಹೋಲಿಸುತ್ತಾನೆ. ಎರಡನೆಯದರಲ್ಲಿ ಮಹಾಯಾಜಕನಾದ ಕಾಯಫನು ಜನಾಂಗವು ಉಳಿಯಬೇಕಾದರೆ ಒಬ್ಬನು ಹೋಗಲಿ ಎಂದು ಲೆಕ್ಕ ಹಾಕುತ್ತಾನೆ. ಮೇಲ್ನೋಟಕ್ಕೆ ಎರಡೂ 'ಎಲ್ಲರ ಹಿತವೇ ಮೊದಲು' ಎಂಬ ಒಂದೇ ಮಾತಿನಂತೆ ಕೇಳಿಸುತ್ತವೆ. ಇವುಗಳ ಭೇದವನ್ನು ತಿಳಿಯುವದಕ್ಕಾಗಿ ಈ ಸಾರಿ ಅಮೇರಿಕಾ ದೇಶದ ಕಾಲೇಜುಗಳಲ್ಲಿ ನಡೆಯುವ ಒಂದು ಆಟವನ್ನು ವಿಚಾರಿಸೋಣ. ಸಭೆಯ ಪತ್ರಿಕೆಯಲ್ಲಿ ಚೆಂಡಾಟದ ಪ್ರಸ್ತಾಪವೇಕೆಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಓಟದವರ ದೃಷ್ಟಾಂತವನ್ನು ಪೌಲನೇ ಕೊಟ್ಟಿದ್ದಾನಲ್ಲವೇ?

ಬಾಸ್ಕೆಟ್‌ಬಾಲ್ ಎಂಬ ಈ ಆಟವು 1891ನೆಯ ಡಿಸೆಂಬರ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದ ವೈ.ಎಂ.ಸಿ.ಎ. ತರಬೇತಿನ ಶಾಲೆಯಲ್ಲಿ ಹುಟ್ಟಿತು. ಇದನ್ನು ಕಲ್ಪಿಸಿದವರು ಕೆನಡಾ ದೇಶದ ಜೇಮ್ಸ್ ನೇಯ್ಸ್ಮಿತ್. ಇವರು ಮಾಂಟ್ರಿಯಲ್ ಪಟ್ಟಣದಲ್ಲಿ ದೇವಶಾಸ್ತ್ರವನ್ನು ಅಭ್ಯಾಸಮಾಡಿದವರು. ಮುಂದೆ 1916ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಬೋಧಕರಾಗಿ ದೀಕ್ಷೆ ಹೊಂದಿದರು. ಚಳಿಗಾಲದಲ್ಲಿ ಮನೆಯೊಳಗೆ ಕೂಡಿಹಾಕಲ್ಪಟ್ಟ ತುಂಟ ಯುವಕರ ಒಂದು ತರಗತಿಯು ಅವರ ಪಾಲಿಗೆ ಬಂದಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು, ಆಟ ಆರಂಭಿಸಿದರು. ಬುಟ್ಟಿಯೊಳಗೆ ಚೆಂಡನ್ನು ಹಾಕಿದ ಪಕ್ಷಕ್ಕೆ ಅಂಕ.

ಈ ನಿಯಮಗಳಲ್ಲಿ ಒಂದನ್ನು ನಾವು ಗಮನಿಸತಕ್ಕದ್ದು. ಚೆಂಡು ಕೈಗೆ ಬಂದವನು ಅದನ್ನು ಹಿಡಿದುಕೊಂಡು ಓಡಕೂಡದು; ಹಿಡಿದ ಸ್ಥಳದಿಂದಲೇ ಎಸೆಯಬೇಕು. ಇದರ ಕಾರಣವೇನಂದರೆ, ಬೇರೆ ಆಟಗಳಲ್ಲಿ ಒಬ್ಬನು ಚೆಂಡನ್ನು ಎತ್ತಿಕೊಂಡು ಓಡುವದರಿಂದಲೇ ಎದುರು ಪಕ್ಷದವರು ಅವನ ಮೇಲೆ ಬಿದ್ದು ಕೆಡವುತ್ತಿದ್ದರು. ಓಟವೇ ಇಲ್ಲವಾದರೆ ಕೆಡವುವ ಪ್ರಯೋಜನವೂ ಇಲ್ಲ. ಹೀಗೆ ಹೊಡೆದಾಟವನ್ನು ತಪ್ಪಿಸುವದಕ್ಕೆ ಮಾಡಿದ ನಿಯಮವು ಮತ್ತೊಂದು ಕೆಲಸವನ್ನೂ ಮಾಡಿತು: ಒಬ್ಬನೇ ಎಲ್ಲವನ್ನೂ ಮಾಡುವದು ಅಸಾಧ್ಯವಾಯಿತು. ಅನಂತರದ ವರುಷಗಳಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಮುಂದುವರಿಯುವ ಅಪ್ಪಣೆ ದೊರೆಯಿತು. ಆದರೂ ಒಬ್ಬರಿಂದೊಬ್ಬರಿಗೆ ಚೆಂಡನ್ನು ಕೊಡುವದೇ ಈ ಆಟದ ಜೀವಾಳವಾಗಿ ಉಳಿದಿದೆ.

ಈ ಗುಣವನ್ನು ಕಲಿಸಿದ ಗುರುಗಳಲ್ಲಿ ಜಾನ್ ವುಡನ್ ಎಂಬವರು ಪ್ರಸಿದ್ಧರು. ಇಂಡಿಯಾನಾ ಪ್ರಾಂತದ ಒಬ್ಬ ಬಡ ರೈತನ ಮಗನಾಗಿ 1910ರಲ್ಲಿ ಹುಟ್ಟಿದ ಇವರು 2010ರಲ್ಲಿ ತೀರಿಕೊಂಡರು. 1948ರಿಂದ 1975ರ ವರೆಗೆ ಲಾಸ್ ಏಂಜಲಿಸ್ ಪಟ್ಟಣದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಾಗಿದ್ದು, ದೇಶದ ಕಾಲೇಜು ಪಾರಿತೋಷಕವನ್ನು 10 ಸಾರಿ ಗೆದ್ದರು. ಆ ಪೈಕಿ ಮೊದಲನೆಯದು ದೊರೆತದ್ದು 1964ರಲ್ಲಿ, ಅಂದರೆ ಅಷ್ಟು ವರುಷಗಳ ತಾಳ್ಮೆಯ ಮೇಲೆ. ಹೊಸದಾಗಿ ಬಂದ ಹುಡುಗರಿಗೆ ಅವರು ಮೊದಲನೆಯ ದಿನ ಕಲಿಸುತ್ತಿದ್ದದ್ದು ಚೆಂಡೆಸೆತವಲ್ಲ, ಕಾಲುಚೀಲವನ್ನು ಸುಕ್ಕಿಲ್ಲದೆ ಹಾಕಿಕೊಳ್ಳುವದು! ಸುಕ್ಕಿದ್ದರೆ ಬೊಬ್ಬೆ ಏಳುವದು. ಒಬ್ಬನ ಕಾಲಿನ ಬೊಬ್ಬೆಯು ತಂಡಕ್ಕೆಲ್ಲಾ ನಷ್ಟ. ಒಂದು ಅಂಗಕ್ಕೆ ನೋವಾದರೆ ಎಲ್ಲಾ ಅಂಗಗಳಿಗೂ ನೋವೆಂಬ ಉಪದೇಶವನ್ನು ಇದಕ್ಕಿಂತ ಸುಲಭವಾಗಿ ವಿವರಿಸುವದಕ್ಕೆ ನನಗೆ ತಿಳಿಯದು.

ಅಂಕ ಗಳಿಸಿದವನು ತನಗೆ ಚೆಂಡನ್ನು ಕೊಟ್ಟವನ ಕಡೆಗೆ ಕೈತೋರಿಸಿಯಾಗಲಿ ತಲೆ ಬಾಗಿಸಿಯಾಗಲಿ ಉಪಕಾರವನ್ನು ಒಪ್ಪಿಕೊಳ್ಳಬೇಕೆಂದು ಸಹ ಅವರು ಕಟ್ಟಳೆ ಮಾಡಿದ್ದರು. ಆ ಗಳಿಗೆಯಲ್ಲಿ ಅವನು ನನ್ನನ್ನು ನೋಡದೆ ಇದ್ದರೇನು ಗತಿ ಎಂದು ಶಿಷ್ಯನೊಬ್ಬನು ಕೇಳಲು, ಅವನು ನೋಡಿಯೇ ನೋಡುವನೆಂದು ಉತ್ತರಕೊಟ್ಟರೆಂದು ಹೇಳುತ್ತಾರೆ. ಮನುಷ್ಯನ ಹೃದಯವನ್ನು ಬಲ್ಲವರ ಮಾತು! ಮತ್ತೊಂದು ಸಂಗತಿ ಉಂಟು. ತಂಡದ ಮನೋಭಾವವೆಂದರೆ ಸ್ವಂತ ಲಾಭವನ್ನು ಬಿಡುವದಕ್ಕೆ ಸಿದ್ಧವಾಗಿರುವದು ಎಂದು ಅವರು ಮೊದಲು ಬರೆದಿದ್ದರು. ಬರಿಯ ಸಿದ್ಧತೆ ಸಾಲದೆಂದು ಕಂಡು, ಆ ಮಾತನ್ನು ಹೊಡೆದುಹಾಕಿ, ಉತ್ಸುಕತೆ ಎಂದು ತಿದ್ದಿದರು. ಗೊಣಗುಟ್ಟದೆ ಕೊಡಬೇಕೆಂಬ ಪೌಲನ ಮಾತು (2 ಕೊರಿಂಥ 9:7) ಇದೇ ಅಲ್ಲವೇ? ಈಗಿನ ಕಾಲೇಜು ಆಟಗಾರರು ತಮ್ಮ ಹೆಸರಿನ ಪ್ರಖ್ಯಾತಿಯಿಂದ ಹಣ ಸಂಪಾದಿಸುವದಕ್ಕೆ 2021ರಿಂದ ಅನುಮತಿ ದೊರೆತಿದೆ. ದುಡಿದವನಿಗೆ ಕೂಲಿ ಸಲ್ಲತಕ್ಕದ್ದೇ. ಆದರೆ ಆ ಉತ್ಸುಕತೆಯನ್ನು ಕಲಿಸುವ ಗುರುವಿನ ಕೆಲಸವು ಮುಂಚಿಗಿಂತ ಕಷ್ಟವಾಗಿರಬೇಕೆಂದು ನನ್ನ ಎಣಿಕೆ.

ಇಷ್ಟು ಓದಿದವರು, ಹಾಗಾದರೆ ಒಬ್ಬನು ಯಾವಾಗಲೂ ಎಲ್ಲರಿಗೋಸ್ಕರ ಸುಮ್ಮನಿರಬೇಕು ಎಂದುಕೊಂಡಾರು. ಇಲ್ಲಿಯೇ ಕಾಯಫನು ಒಳಗೆ ನುಸುಳುತ್ತಾನೆ. ನಮ್ಮ ಸಭೆಗಳಲ್ಲಿ ಬಡ ವಿಧವೆಗೆ ಅನ್ಯಾಯವಾದಾಗ, ಸಭೆಯ ಮಾನ ಹೋದೀತು, ನೀನು ತಾಳಿಕೋ ಅಮ್ಮಾ ಎಂದು ನಾವು ಹೇಳಿದ್ದಿಲ್ಲವೇ? ತನ್ನದನ್ನು ತಾನೇ ಬಿಟ್ಟುಕೊಡುವದು ಬೇರೆ. ಬಲವಿಲ್ಲದವನಿಂದ ನಾವು ಬಿಡಿಸುವದು ಬೇರೆ.

ವುಡನ್‌ರವರು ಲಾಸ್ ಏಂಜಲಿಸಿಗೆ ಹೋಗುವ ಮುಂಚೆ ಇಂಡಿಯಾನಾ ಪ್ರಾಂತದ ಶಿಕ್ಷಕರ ಕಾಲೇಜೊಂದರಲ್ಲಿದ್ದರು. 1947ರಲ್ಲಿ ಅವರ ತಂಡಕ್ಕೆ ಕಾನ್ಸಸ್ ಸಿಟಿಯಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಗಳಿಗೆ ಕರೆ ಬಂತು. ಕಪ್ಪುಜನಾಂಗದ ಆಟಗಾರರಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪುಜನಾಂಗದ ಯುವಕನೊಬ್ಬನಿದ್ದನು. ಅವನು ಮುಖ್ಯ ಆಟಗಾರನೂ ಅಲ್ಲ, ಬದಲಿಗೆ ಇಳಿಯುತ್ತಿದ್ದವನು. ಅವನನ್ನು ಬಿಟ್ಟು ಹೋಗಿದ್ದರೆ ಆಟಕ್ಕೆ ದೊಡ್ಡ ಕುಂದಾಗುತ್ತಿರಲಿಲ್ಲ. ಉಳಿದವರಿಗೆ ಅವರು ಗಳಿಸಿದ್ದ ಮರ್ಯಾದೆಯೂ ಸಿಕ್ಕುತ್ತಿತ್ತು. ವುಡನ್‌ರವರು ಕರೆಯನ್ನು ನಿರಾಕರಿಸಿದರು. ತಪ್ಪೇನೂ ಮಾಡದ ಉಳಿದ ಹುಡುಗರೆಲ್ಲರೂ ಆ ವರುಷ ತಮ್ಮ ಅವಕಾಶವನ್ನು ಕಳಕೊಂಡರು. ಬಲಹೀನವೆಂದು ತೋರುವ ಅಂಗಗಳನ್ನು ಕುರಿತು ಪೌಲನು 22ನೆಯ ವಚನದಲ್ಲಿ ಹೇಳುವದನ್ನು ಇಲ್ಲಿ ತಿರಿಗಿ ಓದಿರಿ.

ಮರುವರುಷ, ಅಂದರೆ 1948ರಲ್ಲಿ, ಆ ನಿಷೇಧವು ತೆಗೆಯಲ್ಪಟ್ಟಿತು. ತಂಡಕ್ಕೆ ಪುನಃ ಕರೆ ಬಂದಾಗ ಎಲ್ಲರೂ ಕೂಡಿ ಹೋದರು. ಆ ಪಂದ್ಯಗಳಲ್ಲಿ ಆಡಿದ ಕಪ್ಪುಜನಾಂಗದವರಲ್ಲಿ ವಾಕರನೇ ಮೊದಲಿಗನು. ಅವರ ತಂಡವು ಕಡೇ ಪಂದ್ಯದ ವರೆಗೂ ಬಂದು, ಲೂಯಿವಿಲ್ ತಂಡದವರಿಗೆ ಸೋತಿತು.