ಊಟ ಮುಗಿಸಿ ದೋಣಿ ಹತ್ತಬೇಡಿ

ನಮ್ಮ ರಾಮನಗರ ಕಡೆಯ ಗೆಳೆಯರ ಗುಂಪು ಟೆಂಪೋ ಟ್ರಾವೆಲರ್ (ಟಿಟಿ) ಹಿಡಿದು ಕರಾವಳಿಗೆ ಹೋಗುವ ಕ್ರಮ ಹೆಚ್ಚೂಕಡಿಮೆ ಒಂದೇ. ಶುಕ್ರವಾರ ರಾತ್ರಿ ಹೊರಡುವುದು, ಬೆಳಿಗ್ಗೆ ಧರ್ಮಸ್ಥಳದಲ್ಲಿ ದರ್ಶನ, ಮಧ್ಯಾಹ್ನ ಉಡುಪಿಯಲ್ಲಿ ಗಡದ್ದಾಗಿ ಊಟ, ಎರಡೂವರೆಗೆ ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ದೋಣಿ. ಮೂರು ಗಂಟೆಗೆ ಅರ್ಧ ಜನ ದೋಣಿಯಂಚಿಗೆ ತಲೆ ಚಾಚಿ ವಾಂತಿ ಮಾಡುತ್ತಿರುತ್ತಾರೆ.

ಒಮ್ಮೆ ನಾನೂ ಆ ಸಾಲಿನಲ್ಲಿದ್ದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಗೆಳೆಯನೊಬ್ಬ ದೋಣಿ ಹತ್ತುವಾಗ, "ಸಂಗಮದ ತೆಪ್ಪ ಇದ್ದಂಗೇ ಕಣ್ಲಾ, ಬಾ" ಅಂದಿದ್ದ. ದಕ್ಕೆಯ ತಡೆಗೋಡೆ ದಾಟಿದ ಐದೇ ನಿಮಿಷಕ್ಕೆ ಕಣ್ಣು ಮುಚ್ಚಿ, ನನ್ನ ತೊಡೆಯನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡ. ದೋಣಿಯವರು ತಿರುಗಿ ನೋಡಿ, "ಬೆಳಿಗ್ಗೆ ಬರ್ಬೇಕಿತ್ತು ಮಾರಾಯ್ರೇ, ಗಾಳಿ ಎದ್ದಾಯ್ತಲ್ಲ" ಎಂದರು.

ಎಡವುವುದು ಇಲ್ಲೇ. ಕನಕಪುರದ ಸಂಗಮದಲ್ಲಿ ತೆಪ್ಪ ಹತ್ತಿದವರು, ಕಣ್ವ, ಮಂಚನಬೆಲೆ ಜಲಾಶಯಗಳ ನೀರು ಕಂಡವರು ಸಮುದ್ರಕ್ಕೂ ಅದೇ ಲೆಕ್ಕ ಹಾಕುತ್ತಾರೆ. ಹೊಳೆಯಲ್ಲಿ ನೋಡಬೇಕಾದದ್ದು ಸೆಳವು, ಸುಳಿ. ಕಡಲಲ್ಲಿ ಮೊದಲು ನೋಡಬೇಕಾದದ್ದು ಗಾಳಿ, ಗಾಳಿಗೋ ಗಡಿಯಾರವಿದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ದಡದ ಹತ್ತಿರ ನೀರು ಶಾಂತ. ಬಿಸಿಲೇರಿದಂತೆ ನೆಲ ಕಾದು ಮೇಲೆದ್ದ ಗಾಳಿಯ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ಹನ್ನೊಂದು, ಹನ್ನೆರಡರ ನಂತರ ಅಲೆ ಒಡೆಯಲು ಶುರು. ಹಾಯಿ ಕಟ್ಟುತ್ತಿದ್ದ ಕಾಲದ ಮೀನುಗಾರರು ನಸುಕಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದರು. ಅವರು ಮರಳುವ ಹೊತ್ತಿಗೆ ನಾವು ಹೊರಡುತ್ತೇವೆ, ಅದೂ ಹೊಟ್ಟೆ ತುಂಬಾ ಉಂಡು, ರಾತ್ರಿಯೆಲ್ಲ ನಿದ್ದೆಗೆಟ್ಟು.

ಆದ್ದರಿಂದ ಶುಕ್ರವಾರ ರಾತ್ರಿ ಟಿಟಿಯಲ್ಲಿ ಹೊರಡಲೇಬೇಡಿ. ಶನಿವಾರ ಬೆಳಿಗ್ಗೆ ಹೊರಡಿ. ಮಾಗಡಿಯವರು ಕುಣಿಗಲ್ ಸೇರಿ ಹಾಸನದ ಹೆದ್ದಾರಿ ಹಿಡಿದರೆ ಸಾಕು. ರೈಲೇ ಬೇಕೆಂದರೆ ಮಾತ್ರ ಹಿಂದಿನ ರಾತ್ರಿ ಹೊರಡಬಹುದು, ಮೈಸೂರಿನ ಮೇಲೆ ಮುರ್ಡೇಶ್ವರಕ್ಕೆ ಹೋಗುವ ರಾತ್ರಿ ಗಾಡಿಯಿದೆ. ನಿಮ್ಮೂರಲ್ಲಿ ನಿಲ್ಲುತ್ತದೆಯೇ ನೋಡಿ ಟಿಕೆಟ್ ಮಾಡಿಸಿ. ಶನಿವಾರ ರಾತ್ರಿ ಮಲ್ಪೆಯಲ್ಲೋ ಉಡುಪಿಯಲ್ಲೋ ಮಲಗಿ, ಭಾನುವಾರದ ಮೊದಲ ದೋಣಿ ಹತ್ತಿ. ದರ್ಶನ ವಾಪಸ್ ಬರುವಾಗ ಮಾಡಿ. ಮಂಜುನಾಥ ಎಲ್ಲಿಗೂ ಹೋಗುವುದಿಲ್ಲ.

ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಕೆಟ್ಟದ್ದೇ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊರಡುವ ಗಂಟೆ ಮೊದಲೇ ನುಂಗಿ. ತಲೆ ತಿರುಗಿದ ಮೇಲೆ ನುಂಗಿದರೆ ಮಾತ್ರೆಯೂ ಸಮುದ್ರಕ್ಕೇ. ದೋಣಿಯ ಮೂತಿಯಲ್ಲಿ ಕೂರಬೇಡಿ, ಅಲ್ಲೇ ಎತ್ತಿ ಹಾಕುವುದು ಜಾಸ್ತಿ. ನಡುವೆ ಕೂತು, ಮೊಬೈಲ್ ಒಳಗಿಟ್ಟು, ನೀರೂ ಆಕಾಶವೂ ಸೇರುವ ಗೆರೆಯನ್ನೇ ನೋಡಿ. ಲೈಫ್ ಜಾಕೆಟಿನ ಬಕಲ್ ಎಲ್ಲ ಹಾಕಿ, ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಎದ್ದು ಬಂದರೆ ಅದು ನಿಮ್ಮ ಅಳತೆಯದಲ್ಲ.

ಮಳೆಗಾಲದಲ್ಲಿ ದ್ವೀಪದ ದೋಣಿ ಓಡುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆ ನೋಡಿಕೊಳ್ಳಿ. ದೋಣಿ ಬಿಡುವುದಿಲ್ಲವೆಂದರೆ "ನೂರು ಜಾಸ್ತಿ ತಗೊಳ್ಳಿ" ಎಂದು ಪುಸಲಾಯಿಸಬೇಡಿ. ಅಂದಹಾಗೆ, ಸಿನಿಮಾದ ಹಾಗೆ ಬಿಳಿ ಹಾಯಿಯ ದೋಣಿ ಸಿಗುತ್ತದೆಂದು ಹೋಗಬೇಡಿ. ಇಲ್ಲಿ ಸಿಗುವುದು ಡೀಸೆಲ್ ವಾಸನೆಯ ಇಂಜಿನ್ ದೋಣಿ.

ಸೇಂಟ್ ಮೇರೀಸ್ ಮಲ್ಪೆಯಿಂದ ಸುಮಾರು ಆರು ಕಿ.ಮೀ. ಲಾವಾ ಆರಿ ಕಂಬ ಕಂಬವಾಗಿ ಬಿರಿದ ಬಂಡೆ, ವಯಸ್ಸು ಸುಮಾರು 8.8 ಕೋಟಿ ವರ್ಷ. ನಮ್ಮೂರವರು ಬೆರಗಾಗಬೇಕಿಲ್ಲ, ರಾಮನಗರದ ಹಳೆಯ ಹೆಸರಿನಿಂದಲೇ ಕರೆಸಿಕೊಳ್ಳುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ. ಆದರೆ ರಾಮದೇವರ ಬೆಟ್ಟದ ಬಂಡೆಯಲ್ಲಿ ಕಾಲು ನಿಲ್ಲುತ್ತದೆ, ಇಲ್ಲಿ ಪಾಚಿಗೆ ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಕೊಟ್ಟಾಯಂ ಕಡೆಯಿಂದ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲೇ ಮುಳುಗಿ ಸತ್ತರು. ಸೆಲ್ಫಿಗೆಂದು ಅಂಚಿನ ಬಂಡೆಗೆ ಹೋಗುವವನನ್ನು ಗುಂಪಿನಲ್ಲಿ ಒಬ್ಬರಾದರೂ ಗದರಿಸಿ. ಮಾತು ಕೇಳದಿದ್ದರೆ ಕೈ ಹಿಡಿದೇ ಎಳೆಯಬೇಕು.

ಮಲ್ಪೆಯಿಂದ ಮುರ್ಡೇಶ್ವರಕ್ಕೆ ನೂರು ಕಿ.ಮೀ. ಆಸುಪಾಸು. ನೇತ್ರಾಣಿ ದ್ವೀಪ ಅಲ್ಲಿನ ದಡದಿಂದ ಸುಮಾರು 19 ಕಿ.ಮೀ., ಗಂಟೆ ಮೀರಿದ ಪಯಣ. ಅಲ್ಲಿಗೆ ಹೋಗುವುದು ಹವಳ, ಮೀನು ನೋಡಲು ನೀರಿಗೆ ಇಳಿಯುವುದಕ್ಕೆ. ಈಜು ಬರದವರನ್ನೂ ಕರೆದೊಯ್ಯುತ್ತಾರೆ, ಆದರೆ ಆಸ್ತಮಾ, ಕಿವಿನೋವು, ನೆಗಡಿ ಇದ್ದರೆ ಡೈವಿಂಗ್‌ಗೆ ಮುನ್ನ ತುಂಬಿಸುವ ಫಾರಂನಲ್ಲಿ ಮುಚ್ಚಿಡಬೇಡಿ. ಹಿಂದಿನ ರಾತ್ರಿ ಕುಡಿಯುವುದೂ ಬೇಡ. ಇನ್ನೊಂದು ಮುಖ್ಯ ಮಾತು: ಡೈವಿಂಗ್ ಮಾಡಿದ ದಿನವೇ ಘಟ್ಟ ಹತ್ತಬೇಡಿ. ನೀರಿನಾಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೈಯಿಂದ ಹೊರಹೋಗಲು ಸಮಯ ಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ ಅದು ಗುಳ್ಳೆಯಾಗಬಹುದು. ಆ ರಾತ್ರಿ ಕಡಲ ಮಟ್ಟದಲ್ಲೇ ಮಲಗಿ.

ಇನ್ನೊಂದು ದಿನ ಉಳಿದರೆ ಕಾರವಾರದ ಬೈತಖೋಲಿನಿಂದ ಕೂರ್ಮಗಡ. ಜನವರಿಯಲ್ಲಿ ನರಸಿಂಹ ದೇವರ ಜಾತ್ರೆಗೆ ದೋಣಿಗಳು ಸಾಲುಗಟ್ಟುತ್ತವೆ. ಪಕ್ಕದ ಅಂಜುದೀವ್ ನೌಕಾಪಡೆಯದ್ದು, ಕೇಳಲೂ ಹೋಗಬೇಡಿ.  ಎಲ್ಲಿಗೆ ಹೋದರೂ ಕುಡಿಯುವ ನೀರು, ಟೋಪಿ, ಬದಲಿ ಬಟ್ಟೆ, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಚಪ್ಪಲಿ ಬೆಲ್ಟಿನದೇ ಇರಲಿ.