ಸಾಕಾಗುವಷ್ಟು ಆಹಾರ: ತೂಕ ಇಳಿಸುತ್ತಿರುವ ಯೌವನಸ್ಥರಿಗೆ ಒಂದು ಪಾಠ

ದಯವಿಟ್ಟು ವಿಮೋಚನಕಾಂಡ 16ನೇ ಅಧ್ಯಾಯ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಸ್ವಲ್ಪ ಹೊತ್ತು ವಾಟ್ಸಾಪ್ ಕಡೆ ಹೋಗಬೇಡಿ.

ಇವತ್ತಿನ ವಿಷಯ ಊಟ. ನಗಬೇಡಿ ಪ್ರಿಯರೇ. ನಮ್ಮ ಯೌವನಸ್ಥರ ಕೂಟದಲ್ಲಿ ಸುಮಾರು ಜನ ತೂಕ ಇಳಿಸೋ ಪ್ಲಾನ್‌ನಲ್ಲಿ ಇದ್ದೀರಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಪಿ.ಜಿ. ಊಟ, ಎರಡು ಗಂಟೆ ಟ್ರಾಫಿಕ್. ದೇಹದ ಬಗ್ಗೆ ಕಾಳಜಿ ಬಂದಿರೋದು ಒಳ್ಳೇದೇ. ಆದರೆ ಎರಡು ಮಾತು ನನ್ನ ಕಿವಿಗೆ ಪದೇ ಪದೇ ಬೀಳ್ತಾ ಇವೆ. ಒಂದು, “ಬ್ರದರ್, ಪ್ಲಾನ್‌ನಲ್ಲಿ ಬರೆದಷ್ಟು ತಿನ್ನೋಕೇ ಆಗಲ್ಲ, ಅರ್ಧಕ್ಕೇ ಹೊಟ್ಟೆ ಬಿಗಿಯುತ್ತೆ.” ಇನ್ನೊಂದು, “ಅದಕ್ಕೇ ರಾತ್ರಿ ಊಟ ಬಿಟ್ಟುಬಿಟ್ಟೆ, ಹೇಗೂ ಉಪವಾಸ ಅಂತ ಲೆಕ್ಕ ಆಗುತ್ತಲ್ಲ.” ಮೊದಲನೆಯದಕ್ಕೆ ಅಡುಗೆಮನೆಯಲ್ಲೇ ಪರಿಹಾರ ಇದೆ. ಎರಡನೆಯದಕ್ಕೆ ವಾಕ್ಯದಿಂದಲೇ ಉತ್ತರ ಹುಡುಕಬೇಕು.

1. ಅಳತೆ ಎಂಬುದು ದೇವರ ಏರ್ಪಾಡು

ಮನ್ನ ಬಿದ್ದಾಗ ದೇವರು ಇಸ್ರಾಯೇಲ್ಯರಿಗೆ ಏನು ಹೇಳಿದನು? ಒಬ್ಬೊಬ್ಬರು ತಮಗೆ ಬೇಕಾದಷ್ಟು ಕೂಡಿಸಿಕೊಳ್ಳಲಿ ಅಂತ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಬೆಳಗಿನ ತನಕ ಇಟ್ಟುಕೊಂಡದ್ದಕ್ಕೆ ಹುಳ ಬಿತ್ತು. ನಾವು ಸಾಮಾನ್ಯವಾಗಿ ದುರಾಸೆ ಬೇಡ ಅನ್ನೋ ಪಾಠ ಮಾತ್ರ ಹೇಳ್ತೀವಿ. ಕೊರತೆಯೂ ಆಗಬಾರದು ಅನ್ನೋದು ಅದೇ ವಾಕ್ಯದಲ್ಲಿದೆ. ಬೇಕಾದ್ದಕ್ಕಿಂತ ಕಡಿಮೆ ತಿನ್ನೋದು ಭಕ್ತಿ ಅಂತ ಅಲ್ಲೆಲ್ಲೂ ಹೇಳಿಲ್ಲ.

2. ಹೊಟ್ಟೆ ತುಂಬೋದು ಬೇರೆ, ದೇಹಕ್ಕೆ ಸಾಕಾಗೋದು ಬೇರೆ

ಒಂದು ದೊಡ್ಡ ಬಟ್ಟಲು ಸಲಾಡ್ ತಗೊಳ್ಳಿ. ಸೌತೆಕಾಯಿ, ಟೊಮೇಟೊ, ಕೋಸು, ಕ್ಯಾರೆಟ್ ಎಲ್ಲಾ ಸೇರಿ ಅರ್ಧ ಕೆಜಿ. ಅದರಲ್ಲಿರೋದು ಸುಮಾರು 120 ಕ್ಯಾಲೊರಿ. ಈಗ ಒಂದು ಹಿಡಿ ಕಡಲೆಬೀಜ, ಅಂದರೆ 30 ಗ್ರಾಂ. ಅದರಲ್ಲಿ ಸುಮಾರು 170 ಕ್ಯಾಲೊರಿ, ಜೊತೆಗೆ 7 ಗ್ರಾಂ ಪ್ರೋಟೀನ್. ಬಟ್ಟಲು ಹೊಟ್ಟೆಯನ್ನು ಹಿಗ್ಗಿಸುತ್ತೆ, ಹಿಡಿ ಹಿಗ್ಗಿಸಲ್ಲ. ಹೊಟ್ಟೆಯ ಗೋಡೆ ಹಿಗ್ಗಿದ್ದನ್ನು ನರಗಳು ಮೆದುಳಿಗೆ ತಿಳಿಸುತ್ತವೆ, ಆಗ ನಮಗೆ “ಸಾಕು” ಅನ್ನಿಸುತ್ತೆ. ಒಳಗೆ ಎಷ್ಟು ಪೋಷಣೆ ಹೋಯಿತು ಅನ್ನೋದನ್ನು ಆ ಹಿಗ್ಗುವಿಕೆ ಹೇಳೋದಿಲ್ಲ.

ಹಸಿವು ತಡೆಯದೆ ಯಾವಾಗಲೂ ತಿನ್ನುವವರಿಗೆ ತರಕಾರಿ ಬಟ್ಟಲು ಸಹಾಯವೇ. ಆದರೆ 1,500 ಕ್ಯಾಲೊರಿ ಪ್ಲಾನ್ ಹಿಡಿದು, 800 ತಲುಪುವಷ್ಟರಲ್ಲೇ ಹೊಟ್ಟೆ ಉಬ್ಬರಿಸಿ ಕೂತುಬಿಡುವವರಿಗೆ ಅದೇ ಬಟ್ಟಲು ಅಡ್ಡಿ. ಹೀಗೇ ಮುಂದುವರಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಕೂದಲು ಉದುರಬಹುದು, ತಂಗಿಯರಿಗೆ ಮುಟ್ಟು ಏರುಪೇರಾಗಬಹುದು, ತುಂಬಾ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆಯೂ ಹೆಚ್ಚು. ದಿನಕ್ಕೆ 800 ಅಥವಾ ಅದಕ್ಕಿಂತ ಕಡಿಮೆ ಕ್ಯಾಲೊರಿಯ ಆಹಾರಕ್ರಮವನ್ನು ವೈದ್ಯರ ನಿಗಾದಲ್ಲಿ ಮಾತ್ರ ಮಾಡಬೇಕು. ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ಅದೇ ಒಳ್ಳೆಯ ವೇಗ.

3. ಎಲೀಯನಿಗೆ ದೇವರು ಎರಡು ಸಾರಿ ಬಡಿಸಿದನು

1 ಅರಸುಗಳು 19ಕ್ಕೆ ಬನ್ನಿ. ಎಲೀಯನು ದಣಿದು, ಸಾಯಬೇಕು ಅಂದುಕೊಂಡು ಗಿಡದ ಕೆಳಗೆ ಮಲಗಿದ್ದಾನೆ. ದೂತನು ಬಂದು ರೊಟ್ಟಿ ಮತ್ತು ನೀರು ಕೊಟ್ಟನು. ಎಲೀಯನು ತಿಂದನು, ಮಲಗಿದನು. ದೂತನು ಮತ್ತೆ ಬಂದು ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದನು, ಮುಂದಿನ ಪ್ರಯಾಣ ದೊಡ್ಡದು ಅಂತ. ಗಮನಿಸಿ, ಬಳಲಿದ ಪ್ರವಾದಿಗೆ ದೇವರು ಆ ಹೊತ್ತಿನಲ್ಲಿ ಉಪವಾಸ ಮಾಡು ಅನ್ನಲಿಲ್ಲ. ಎಲ್ಲವನ್ನೂ ಒಂದೇ ಸಾರಿಗೆ ತುಂಬಿಸಲೂ ಇಲ್ಲ.

ನಮಗೂ ಇದೇ ದಾರಿ. ಮೂರು ದೊಡ್ಡ ಊಟ ಹೊಟ್ಟೆಗೆ ಭಾರ ಅನಿಸಿದರೆ ಐದು ಚಿಕ್ಕ ಊಟ ಮಾಡಿ. ಬೆಳಗ್ಗೆ ಎರಡು ಇಡ್ಲಿ, ಸಾಂಬಾರ್, ಒಂದು ಮೊಟ್ಟೆ. ಹನ್ನೊಂದಕ್ಕೆ ಒಂದು ಹಿಡಿ ಹುರಿದ ಕಡಲೆಬೀಜ. ಮಧ್ಯಾಹ್ನ ಎರಡು ಚಪಾತಿ ಇಲ್ಲವೇ ಚಿಕ್ಕ ಮುದ್ದೆ, ಗಟ್ಟಿ ಬೇಳೆ ಸಾರು, ಬೇಯಿಸಿದ ಸೊಪ್ಪಿನ ಪಲ್ಯ. ಸಂಜೆ ಬಾಳೆಹಣ್ಣು, ಒಂದು ಲೋಟ ಹಾಲು. ರಾತ್ರಿ ಒಂದು ಕಪ್ ಅನ್ನ, ಮೊಸರು, ಇನ್ನೊಂದು ಮೊಟ್ಟೆ ಅಥವಾ ಒಂದು ತುಂಡು ಮೀನು.

ಇನ್ನು ಪ್ರೋಟೀನ್ ಲೆಕ್ಕ. ಐಸಿಎಂಆರ್ 2020ರ ಶಿಫಾರಸಿನಲ್ಲಿ ವಯಸ್ಕರಿಗೆ ಕೆಜಿ ತೂಕಕ್ಕೆ 0.83 ಗ್ರಾಂ, ಅಂದರೆ 60 ಕೆಜಿ ಇರುವವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಎರಡು ಮೊಟ್ಟೆಯಿಂದ 12, ಕಡಲೆಬೀಜದಿಂದ 7, ಬೇಳೆಯಿಂದ 7, ಹಾಲಿನಿಂದ 6, ಮೊಸರಿನಿಂದ 5. ಉಳಿದದ್ದು ಇಡ್ಲಿ, ಚಪಾತಿ, ಅನ್ನದಿಂದಲೇ ಬರುತ್ತೆ. ದುಬಾರಿ ಡಬ್ಬಿ ಪುಡಿ ಇಲ್ಲದೆಯೂ ಆಗುತ್ತೆ, ಅಲ್ವಾ?

ಜೊತೆಗೆ ಈ ನಾಲ್ಕು ಅಭ್ಯಾಸ ಇಟ್ಟುಕೊಳ್ಳಿ. ಹಸಿ ತರಕಾರಿಗಿಂತ ಬೇಯಿಸಿದ್ದು ಕಡಿಮೆ ಜಾಗ ಹಿಡಿಯುತ್ತೆ, ಅದನ್ನು ಹೆಚ್ಚು ಮಾಡಿ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಬೇಳೆ, ಮೀನು ಮುಗಿಸಿ, ಆಮೇಲೆ ಸಲಾಡ್. ಊಟದ ಮಧ್ಯೆ ಲೋಟಗಟ್ಟಲೆ ನೀರು ಕುಡಿಯಬೇಡಿ, ಊಟಗಳ ನಡುವಿನ ಹೊತ್ತಿನಲ್ಲಿ ಕುಡಿಯಿರಿ. ರಾಗಿ, ಕಾಳು, ಸೊಪ್ಪು ಒಂದೇ ದಿನ ಜಾಸ್ತಿ ಮಾಡಿದರೆ ಗ್ಯಾಸ್ ಆಗುತ್ತೆ, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಒಂದು ಚಮಚ ತುಪ್ಪಕ್ಕೆ ಹೆದರಬೇಡಿ, ಅದು ಸುಮಾರು 45 ಕ್ಯಾಲೊರಿ ಅಷ್ಟೇ, ಜಾಗವನ್ನೂ ಹಿಡಿಯಲ್ಲ.

4. ಉಳಿದದ್ದು ಪುಟ್ಟಿಗೆ ಹೋಯಿತು

ಐದು ಸಾವಿರ ಜನ ಊಟ ಮಾಡಿದ ದಿನ ಎಲ್ಲರೂ ತೃಪ್ತರಾದರು. ಉಳಿದ ತುಂಡುಗಳು 12 ಪುಟ್ಟಿ ಆದವು. “ಅದ್ಭುತದ ರೊಟ್ಟಿ, ಹೊಟ್ಟೆಗೇ ಹಾಕಿ ಮುಗಿಸಿ” ಅಂತ ಕರ್ತನು ಯಾರನ್ನೂ ಒತ್ತಾಯಿಸಲಿಲ್ಲ. ಹಾಳಾಗದಂತೆ ಕೂಡಿಸಿ ಇಡಿಸಿದನು. ನಮ್ಮ ಮನೆಗಳಲ್ಲಿ ತಟ್ಟೆಯಲ್ಲಿ ಬಿಡಬಾರದು ಅಂತ ಕಲಿಸಿದ್ದಾರೆ, ಒಳ್ಳೆಯ ಪಾಠವೇ. ಅದಕ್ಕೆ ಮೊದಲೇ ಕಡಿಮೆ ಬಡಿಸಿಕೊಳ್ಳಿ, ಉಳಿದದ್ದು ಟಿಫಿನ್ ಬಾಕ್ಸ್‌ಗೆ ಹೋಗಲಿ. ನಿಧಾನವಾಗಿ ತಿನ್ನಿ, ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟೋಕೆ ಸುಮಾರು 20 ನಿಮಿಷ ಬೇಕು. ಎರಡು ಗಂಟೆ ಬಿಟ್ಟು ಹಸಿವಾದರೆ ಬಾಕ್ಸ್ ತೆರೆಯಿರಿ. ಅದು ಸೋಲಲ್ಲ.

ಈಗ ಉಪವಾಸದ ಮಾತು

ಪ್ರಿಯರೇ, ಉಪವಾಸ ಪ್ರಾರ್ಥನೆಯನ್ನು ನಾನು ನಂಬ್ತೀನಿ, ಮಾಡ್ತೀನಿ. ಆದರೆ ಮತ್ತಾಯ 6ರಲ್ಲಿ ಕರ್ತನು ಉಪವಾಸವನ್ನು ತಂದೆಯ ಮುಂದೆ ರಹಸ್ಯದಲ್ಲಿ ಮಾಡುವ ಕಾರ್ಯವಾಗಿ ಇಟ್ಟನು. ಪ್ರಾರ್ಥನೆಯಿಲ್ಲದೆ, ತೂಕದ ಯಂತ್ರದ ಮುಂದೆ ನಿಂತು ಲೆಕ್ಕ ಹಾಕುವ ಹಸಿವಿಗೆ ಆ ಹೆಸರು ಕೊಡಬೇಡಿ. ಡಯೆಟ್ ಅನ್ನು ಡಯೆಟ್ ಅಂತಲೇ ಕರೆಯಿರಿ. ಹಾಗೆ ಕರೆದಾಗ ಯಾರಾದರೂ ನಿಮ್ಮನ್ನು “ಇವತ್ತು ಸಾಕಷ್ಟು ತಿಂದ್ಯಾ?” ಅಂತ ಕೇಳಬಹುದು. ಉಪವಾಸ ಅಂದುಬಿಟ್ಟರೆ ಯಾರೂ ಕೇಳಲ್ಲ. ಅಪಾಯ ಇರೋದು ಅಲ್ಲೇ.

ಸ್ವಲ್ಪ ತಿಂದರೂ ಯಾವಾಗಲೂ ಹೊಟ್ಟೆ ತುಂಬಿದಂತೆ ಆಗ್ತಿದ್ದರೆ, ವಾಂತಿ ಬರ್ತಿದ್ದರೆ, ತಲೆ ಸುತ್ತುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ಶುಗರ್ ಮಾತ್ರೆ ತಗೊಳ್ಳುವವರು ಪ್ಲಾನ್ ಶುರು ಮಾಡುವ ಮೊದಲೇ ಕೇಳಿ. ಊಟ ಅಂದರೇ ಭಯ ಆಗ್ತಿದ್ದರೆ, ತಿಂದದ್ದನ್ನು ಬೇಕಂತಲೇ ಕಕ್ಕುತ್ತಿದ್ದರೆ, ಇವತ್ತೇ ಒಬ್ಬರಿಗೆ ಹೇಳಿ. ನಾವು ಪ್ರಾರ್ಥಿಸ್ತೀವಿ, ಆಸ್ಪತ್ರೆಗೂ ಜೊತೆಯಲ್ಲಿ ಬರ್ತೀವಿ. ಇಲ್ಲಿ ಯಾರೂ ನಿಮ್ಮನ್ನು ತೀರ್ಪು ಮಾಡಲ್ಲ.

ಈ ವಾರ ಒಂದೇ ಕೆಲಸ. ಏಳು ದಿನ ಒಂದೊತ್ತನ್ನೂ ಬಿಡದೆ ಚಿಕ್ಕ ಚಿಕ್ಕದಾಗಿ ಊಟ ಮಾಡಿ, ಪ್ರತಿ ಊಟದ ಮುಂದೆ ಸ್ತೋತ್ರ ಹೇಳಿ. ಮುಂದಿನ ಕೂಟದಲ್ಲಿ ಹೇಗಾಯಿತು ಅಂತ ಹಂಚಿಕೊಳ್ಳೋಣ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಅರಣ್ಯದಲ್ಲಿ ಅಳತೆಯಾಗಿ ಉಣಿಸಿದ ದೇವರೇ, ಈ ಮಕ್ಕಳಿಗೆ ಸಾಕಾದಷ್ಟನ್ನು ಕೊಡು, ಸಾಕು ಅನ್ನುವ ತಿಳುವಳಿಕೆಯನ್ನೂ ಕೊಡು. ತಮ್ಮ ದೇಹವನ್ನು ದ್ವೇಷಿಸುತ್ತಿರುವ ಪ್ರತಿಯೊಬ್ಬರನ್ನೂ ನಿನ್ನ ಆತ್ಮನು ಸಂತೈಸಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.